ಮಳೆಗೆ ಕೊಳೆಯದ, ಬೇಸಿಗೆಗೆ ಬಾಡದ ಹೂದೋಟ: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಕಡಿಮೆ ನೀರಿನ ಗಿಡಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ಅದನ್ನೇ ನಂಬಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಅಂಗಳ ತುಂಬ ಗಿಡ ನೆಟ್ಟರೆ, ಅವು ಸಾಯುವುದು ಏಪ್ರಿಲ್ ಬಿಸಿಲಿಗಲ್ಲ, ಆರಿದ್ರಾ-ಪುನರ್ವಸು ಮಳೆಗೆ. ಅಡೇನಿಯಂ, ಲೋಳೆಸರ, ಕಳ್ಳಿ ಜಾತಿಯವೆಲ್ಲ ಬರಗಾಲ ಗೆಲ್ಲುವ ಗಿಡಗಳು ನಿಜ. ಆದರೆ ಬೇರು ಎರಡು ವಾರ ನೀರಲ್ಲಿ ನಿಂತರೆ ಗಾಳಿಯಾಡದೆ ಕೊಳೆತುಹೋಗುತ್ತವೆ. ಇನ್ನೊಂದು ಕಡೆ, ಮಳೆಗಾಲದಲ್ಲಿ ಸೊಂಪಾಗಿ ಹಬ್ಬುವ ಜರಿಗಿಡ, ಆಂಥೂರಿಯಂ, ಬಿಗೋನಿಯಾಗಳಿಗೆ ಸಂಕ್ರಾಂತಿ ಕಳೆಯಿತೆಂದರೆ ದಿನಾ ಕೊಡ ಹಿಡಿದು ನಿಲ್ಲಬೇಕು.

ಹಾಗಾಗಿ ನಮ್ಮ ಕಡೆ ಒಂದು ಗಿಡ ಅಂಗಳಕ್ಕೆ ಬರಬೇಕಾದರೆ ಎರಡು ಪರೀಕ್ಷೆ ದಾಟಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆ ಒಂದು, ಡಿಸೆಂಬರ್‌ನಿಂದ ಮೇವರೆಗಿನ ಒಣಗಾಲ ಇನ್ನೊಂದು. ಶಿವಮೊಗ್ಗ ನಗರ, ಭದ್ರಾವತಿಯಂಥ ಅರೆಮಲೆನಾಡಿನಲ್ಲಿ ವರ್ಷದ ಮಳೆ 1000 ಮಿ.ಮೀ. ಆಸುಪಾಸು, ತೀರ್ಥಹಳ್ಳಿ, ಹೊಸನಗರದ ಕಡೆ ಅದರ ಎರಡು-ಮೂರು ಪಟ್ಟು, ಆಗುಂಬೆಯಲ್ಲಿ 7000 ಮಿ.ಮೀ. ದಾಟುತ್ತದೆ. ವಿಚಿತ್ರವೆಂದರೆ ಜನವರಿ-ಫೆಬ್ರವರಿ ಮಾತ್ರ ಎಲ್ಲ ಕಡೆಯೂ ಒಂದೇ, ಹನಿ ಬೀಳುವುದೇ ಅಪರೂಪ. ಆಗುಂಬೆಯ ಗಿಡವೂ ಮಾರ್ಚ್‌ನಲ್ಲಿ ಬಾಯಾರುತ್ತದೆ. ಮಣ್ಣಿನ ಕೆಲಸದಿಂದ ಹಿಡಿದು ಹೊದಿಕೆಯವರೆಗೆ ಮುಂದೆ ಹೇಳುವುದೆಲ್ಲ ಈ ಎರಡು ಕಾಲಗಳ ಲೆಕ್ಕದಲ್ಲೇ ನಡೆಯುತ್ತದೆ.

ಜಾಗ ನೋಡುವುದು

ಗಿಡ ತರುವ ಮುಂಚೆ ಅಂಗಳ, ಹಿತ್ತಿಲುಗಳನ್ನು ಎರಡು ಸಲ ಸುತ್ತಿ ಗುರುತು ಮಾಡಿಕೊಳ್ಳಿ. ಆಷಾಢದ ಜೋರು ಮಳೆ ನಿಂತ ಅರ್ಧ ಗಂಟೆಗೆ ಒಮ್ಮೆ ಹೋದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಮಣ್ಣು ಕೊಚ್ಚುತ್ತದೆ ಎಂದು ಕಾಣುತ್ತದೆ. ಮಾರ್ಚ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಪಶ್ಚಿಮದ ಬಿಸಿಲು ಎಲ್ಲಿ ಸುಡುತ್ತದೆ ಎಂದು ತಿಳಿಯುತ್ತದೆ. ಈ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಆಯ್ಕೆ ಅಲ್ಲೇ ಮುಗಿದಂತೆ.

ನೀರು ಇಂಗುವ ವೇಗ ನೋಡಲು ಸೆಪ್ಟೆಂಬರ್ ಕೊನೆ ಒಳ್ಳೆಯ ಹೊತ್ತು. ಮಣ್ಣು ತೊಯ್ದಿರುತ್ತದೆ, ಮಳೆ ಹೊಳವು (ಬಿಡುವು) ಕೊಟ್ಟಿರುತ್ತದೆ. ಉದ್ದ, ಅಗಲ, ಆಳ ಮೂರೂ 1 ಅಡಿಯ ಗುಂಡಿ ತೋಡಿ, ತುಂಬ ನೀರು ಹಾಕಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕೋಲು ನೆಟ್ಟು ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಅಥವಾ ಹೆಚ್ಚು ಇಳಿದರೆ ನೆಲದಲ್ಲೇ ನೆಡಬಹುದು. ಅದಕ್ಕಿಂತ ಕಡಿಮೆಯಾದರೆ ದಿಬ್ಬ ಬೇಕು. ಮರುದಿನವೂ ನೀರು ನಿಂತಿದ್ದರೆ ಆ ಜಾಗವನ್ನು ಬಾಳೆಗೋ ಕೆಸುವಿಗೋ ಬಿಟ್ಟುಕೊಡಿ, ಕಡಿಮೆ ನೀರಿನ ಗಿಡದ ಆಸೆ ಬೇಡ.

ಹಂಚಿನ ಮನೆಯವರು ಇನ್ನೊಂದು ಜಾಗ ಗಮನಿಸಬೇಕು. ಸೂರಿನ ಒಳಗೆ ಗೋಡೆಗೆ ತಾಗಿದ ಒಂದೂವರೆ ಅಡಿ ಪಟ್ಟಿ ಮಳೆಗಾಲದಲ್ಲೂ ಸಾಕಷ್ಟು ಒಣಗಿರುತ್ತದೆ. ಅದರ ಆಚೆ ಹನಿ ಬೀಳುವ ಗೆರೆಯಲ್ಲಿ ಮಾತ್ರ ನೀರು ಹೊಡೆದು ಹೊಡೆದು ಗುಳಿ ಬೀಳುತ್ತದೆ. ಅಲ್ಲಿ ಯಾವ ಗಿಡವೂ ನಿಲ್ಲುವುದಿಲ್ಲ. ದಂಬೆ (ಸೂರಿನ ನೀರು ಹಿಡಿಯುವ ತೋಡು) ಕಟ್ಟಿ ನೀರನ್ನು ಒಂದು ಮೂಲೆಗೆ ತಿರುಗಿಸಿ, ಇಲ್ಲವೇ ಆ ಗೆರೆಯುದ್ದಕ್ಕೂ 1 ಅಡಿ ಅಗಲ, ಅರ್ಧ ಅಡಿ ಆಳಕ್ಕೆ ಜಲ್ಲಿ ತುಂಬಿ. ಒಳಗಿನ ಒಣ ಪಟ್ಟಿ ಲೋಳೆಸರ, ಸ್ನೇಕ್ ಪ್ಲಾಂಟ್, ಅಡೇನಿಯಂ ಕುಂಡಗಳಿಗೆ ಮೀಸಲು.

ಮಣ್ಣು ಮತ್ತು ದಿಬ್ಬ

ಮಲೆನಾಡಿನ ಮನೆ ಅಂಗಳಗಳಲ್ಲಿ ಹೆಚ್ಚಿನವು ಜಂಬಿಟ್ಟಿಗೆ (ಕೆಂಪು ಮುರಕಲ್ಲಿನ) ಮಣ್ಣು ಅಥವಾ ಮನೆ ಕಟ್ಟುವಾಗ ಧರೆ (ಗುಡ್ಡದ ಕಡಿದಾದ ಅಂಚು) ಕಡಿದು ಹರಡಿದ ಕೆಳಮಣ್ಣು. ಎರಡರಲ್ಲೂ ಸಾರ ಕಡಿಮೆ, ಹುಳಿ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟು ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣದ ಯೋಚನೆ ಮಾಡಿ, ಅದೂ ಹುಳಿಮಣ್ಣು ಬಯಸುವ ಕೇಪಳದ (ಇಕ್ಸೋರಾ) ಹತ್ತಿರ ಬೇಡ. ಬಚ್ಚಲೊಲೆಯ ಬೂದಿ ಸುಣ್ಣದಂತೆಯೇ ಹುಳಿ ತಗ್ಗಿಸುತ್ತದೆ. ಬೋಗನ್‌ವಿಲ್ಲಾ, ಕಣಗಿಲೆಗಳಿಗೆ ಮಳೆ ಬಿಟ್ಟ ಮೇಲೆ ಗಿಡಕ್ಕೊಂದು ಹಿಡಿ ಸಾಕು. ದಿನಾ ಒಲೆ ಖಾಲಿ ಮಾಡಿದ ಬೂದಿಯನ್ನೆಲ್ಲ ಒಂದೇ ಗಿಡದ ಬುಡಕ್ಕೆ ಸುರಿಯುವ ರೂಢಿ ಹಲವು ಮನೆಗಳಲ್ಲಿದೆ, ಆ ಗಿಡ ಹಳದಿಯಾಗುವುದಕ್ಕೆ ಅದೇ ಕಾರಣ.

ಜಂಬಿಟ್ಟಿಗೆಯಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು, ಗೊಬ್ಬರ ತುಂಬಿ ಗಿಡ ನೆಡುವುದು ಎಲ್ಲರೂ ಮಾಡುವ ಕೆಲಸ. ಸುತ್ತಲಿನ ನೆಲ ಗಟ್ಟಿ, ಗುಂಡಿಯೊಳಗೆ ಮಾತ್ರ ಸಡಿಲು ಮಣ್ಣು. ಮಳೆ ನೀರೆಲ್ಲ ಅದರೊಳಗಿಳಿದು ಹಂಡೆಯಲ್ಲಿ ನಿಂತಂತೆ ನಿಲ್ಲುತ್ತದೆ, ಗಿಡ ಅದರಲ್ಲೇ ಬೇಯುತ್ತದೆ. ಇದಕ್ಕೆ ಎರಡು ಪರಿಹಾರ. ಇಳಿಜಾರಿದ್ದರೆ ಗುಂಡಿಯ ಕೆಳಬದಿಯನ್ನು ಒಡೆದು ಒಂದು ಗೇಣು ಅಗಲದ ಬಸಿಗಾಲುವೆ ತೆಗೆದು, ಹೆಂಚಿನ ಚೂರು ತುಂಬಿ ಮುಚ್ಚಿ. ಸಮತಟ್ಟಾಗಿದ್ದರೆ ಗುಂಡಿಯನ್ನೇ ಬಿಟ್ಟು ದಿಬ್ಬ ಮಾಡಿ.

ದಿಬ್ಬದ ಎತ್ತರ ಊರಿನ ಮೇಲೆ ಹೋಗುತ್ತದೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರಕ್ಕೆ 15 ಸೆಂ.ಮೀ. ಸಾಕು, ಸಾಗರ, ಹೊಸನಗರ, ತೀರ್ಥಹಳ್ಳಿಗೆ 30ರಿಂದ 45 ಸೆಂ.ಮೀ. ಬೇಕು. ದಿಬ್ಬದ ಅಗಲ ಕನಿಷ್ಠ 1 ಮೀಟರ್ ಇರಲಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬದಿಗಳಿಂದ ಬೇಗ ಒಣಗುತ್ತದೆ. ಅಂಚಿಗೆ ಜಂಬಿಟ್ಟಿಗೆ ಕಲ್ಲು ಇಡುವವರು ಸಿಮೆಂಟ್ ಹಾಕಬೇಡಿ. ಸಂದಿಯಿಂದ ನೀರು ಬಸಿಯಬೇಕು.

ದಿಬ್ಬದ ಮಿಶ್ರಣ: ಮೇಲ್ಮಣ್ಣು 2 ಪಾಲು, ಉರುಟು ಮರಳು ಅಥವಾ ಜಂಬಿಟ್ಟಿಗೆಯ ನೊರಜು 1 ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧದಿಂದ 1 ಪಾಲು. ಹೊಳೆ ಮರಳು ದುಬಾರಿ ಎಂದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕುವವರು ಅದನ್ನು ತೊಳೆದು ದೂಳು ತೆಗೆಯಲೇಬೇಕು. ಆ ನುಣುಪು ದೂಳು ಮಣ್ಣಿನ ಸಂದಿಗಳನ್ನು ಮುಚ್ಚಿ, ಮೊದಲಿಗಿಂತ ಕೆಟ್ಟದಾಗಿ ಗಟ್ಟಿ ಮಾಡುತ್ತದೆ. ಗೊಬ್ಬರ ಹೆಚ್ಚಾದಷ್ಟು ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾರ ಹೆಚ್ಚಿದರೆ ಗಿಡ ಮೆತ್ತಗೆ, ಎಲೆಬುರುಕಾಗಿ ಬೆಳೆದು ಮೊದಲ ಬೇಸಿಗೆಗೇ ಸೋಲುತ್ತದೆ.

ಎರಡು ಕಾಲಕ್ಕೂ ಒಗ್ಗಿದ ಗಿಡಗಳು

ತೋಟದ ಮುಕ್ಕಾಲು ಪಾಲು ಈ ಗುಂಪಿನದೇ ಆಗಿರಲಿ. ಇವಕ್ಕೆ ಕೊಡೆಯೂ ಬೇಡ, ಮೂರನೇ ವರ್ಷದಿಂದ ಕೊಡವೂ ಅಪರೂಪಕ್ಕೆ.

ಮೊದಲ ಸ್ಥಾನ ಕೇಪಳಕ್ಕೆ. ಜಂಬಿಟ್ಟಿಗೆ ಗುಡ್ಡಗಳಲ್ಲಿ ತಾನಾಗಿ ಬೆಳೆದು ಕೆಂಪು ಗೊಂಚಲು ಬಿಡುವ ಗಿಡಕ್ಕೆ ಅಂಗಳದ ಹುಳಿಮಣ್ಣು ತವರುಮನೆ. ಕಾಡು ಕೇಪಳ ಒಂದರಿಂದ ಒಂದೂವರೆ ಮೀಟರ್ ಬೆಳೆಯುತ್ತದೆ, ಹಣ್ಣಿಗೆ ಹಕ್ಕಿಗಳೂ ಬರುತ್ತವೆ. ನರ್ಸರಿಯ ಕುಳ್ಳ ಜಾತಿ ಅಂಚಿಗೆ ಚೆಂದ, ಆದರೆ ಅಷ್ಟು ಗಟ್ಟಿಯಲ್ಲ. ಇದಕ್ಕೆ ಬರುವ ಒಂದೇ ದೊಡ್ಡ ತೊಂದರೆ ಕೊಳವೆಬಾವಿಯ ಗಡಸು ನೀರು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಬೇರಿಗೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಎಂದರ್ಥ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ, 15 ದಿನಕ್ಕೆ ಇನ್ನೊಮ್ಮೆ.

ಗೊರಟೆಯನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ, ಅದಕ್ಕೇ ಅದಕ್ಕೆ ಬೆಲೆಯಿಲ್ಲ. ಮಳೆ ಮುಗಿದು ಉಳಿದ ಹೂಗಳೆಲ್ಲ ಸುಸ್ತಾದಾಗ, ಕಾರ್ತಿಕದಿಂದ ಪುಷ್ಯದವರೆಗೆ ನೇರಳೆ, ಬಿಳಿ, ಗುಲಾಬಿ ಬಣ್ಣದಲ್ಲಿ ಮೈತುಂಬ ಅರಳುವ ಗಿಡ ಇದು. ಜೂನ್‌ನಲ್ಲಿ ಒಂದು ಗೇಣಿನ ಟೊಂಗೆ ಊರಿದರೆ ಸಾಕು, ಬೇರು ಬಿಡುತ್ತದೆ. ಹೂ ಮುಗಿದ ಮೇಲೆ, ಫೆಬ್ರವರಿಯಲ್ಲಿ, 30 ಸೆಂ.ಮೀ. ಉಳಿಸಿ ಕತ್ತರಿಸಿ. ಎಲೆ ಕಡಿಮೆಯಾದಷ್ಟು ಬೇಸಿಗೆಯಲ್ಲಿ ನೀರಿನ ಖರ್ಚೂ ಕಡಿಮೆ.

ನಂದಿಬಟ್ಟಲು, ನಾಟಿ ಕೆಂಪು ದಾಸವಾಳ, ಪಾರಿಜಾತ ಮೂರೂ ನೆಚ್ಚಿಕೊಳ್ಳಬಹುದಾದವು. ದಾಸವಾಳದಲ್ಲಿ ಒಂದೆಸಳಿನ ಹಳೆಯ ಜಾತಿಯನ್ನೇ ಆರಿಸಿ. ಅಂಗೈ ಅಗಲದ ಹೈಬ್ರಿಡ್‌ಗಳು ಮಳೆಗೆ ಕೊರಗುತ್ತವೆ, ಬಿಸಿಲಿಗೆ ಹಿಟ್ಟುತಿಗಣೆ ಹತ್ತಿಸಿಕೊಳ್ಳುತ್ತವೆ. ಹಿಟ್ಟುತಿಗಣೆಗೆ ಮೊದಲು ಜೋರು ನೀರಿನಿಂದ ತೊಳೆದು, ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಕಾಡಂಚಿನ ಮನೆಯವರಿಗೆ ದಾಸವಾಳದ ದೊಡ್ಡ ಪೀಡೆ ಹುಳವಲ್ಲ, ಮಂಗ; ಮೊಗ್ಗು ಒಂದೂ ಉಳಿಸುವುದಿಲ್ಲ. ಅಂಥ ಕಡೆ ಕಣಗಿಲೆಯೇ ಕ್ಷೇಮ. ಪಾರಿಜಾತ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಅದು ನೀರು ಉಳಿಸಿಕೊಳ್ಳುವ ಅದರ ದಾರಿ, ಗಾಬರಿಯಿಂದ ನೀರು ಸುರಿಯಬೇಡಿ.

ರತ್ನಗಂಧಿ ಎರಡು-ಮೂರು ಮೀಟರಿನ ಗಿಡ, ಬಿಸಿಲಿನ ಮೂಲೆಗೆ ಹೇಳಿ ಮಾಡಿಸಿದ್ದು. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಹಾಕಿ ರಾತ್ರಿಯೆಲ್ಲ ನೆನೆಸಿ ಬಿತ್ತಬೇಕು. ಅಬ್ಬಲಿಗೆ ಮೇಲಿನವುಗಳಿಗಿಂತ ತುಸು ಹೆಚ್ಚು ನೀರು ಕೇಳುತ್ತದೆ, ಆದರೂ ಬೇಸಿಗೆಯಲ್ಲಿ ಮುಡಿಗೆ ಹೂ ಕೊಡುವುದು ಅದೇ ಆದ್ದರಿಂದ ಒಂದು ಮಡಿ ಇಟ್ಟುಕೊಳ್ಳಿ. ಅದರ ಬೇರಿಗೆ ಮಣ್ಣಿನ ಜಂತುಹುಳು (ನೆಮಟೋಡ್) ಗಂಟು ಕಟ್ಟಿಸುತ್ತದೆ. ನೀರಿದ್ದೂ ಬಾಡಿದರೆ ಕಿತ್ತು ಬೇರು ನೋಡಿ, ಗಂಟಿದ್ದರೆ ಅದೇ ಜಾಗದಲ್ಲಿ ಮತ್ತೆ ಅಬ್ಬಲಿಗೆ ಬೇಡ, ಒಂದು ಹಂಗಾಮು ಚೆಂಡುಹೂ ಬೆಳೆಯಿರಿ.

ಧರೆಯ ಅಂಚಿದ್ದವರಿಗೆ ಲಾವಂಚ ಬಿಟ್ಟರೆ ಬೇರೆ ಉತ್ತರವಿಲ್ಲ. ಬೇರು ನೇರವಾಗಿ 2-3 ಮೀಟರ್ ಇಳಿಯುತ್ತದೆ, ನೆರೆಯನ್ನೂ ತಡೆಯುತ್ತದೆ, ಬರವನ್ನೂ. ಜೂನ್ ಆರಂಭದಲ್ಲಿ 15 ಸೆಂ.ಮೀ. ಅಂತರದಲ್ಲಿ ಸಾಲಾಗಿ ನೆಟ್ಟು, ವರ್ಷಕ್ಕೊಮ್ಮೆ 40 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಕತ್ತರಿಸಿದ್ದು ಹೊದಿಕೆಗೆ ಆಗುತ್ತದೆ. ಪರಿಮಳದ ಬೇರಿನ ಆಸೆಗೆ ಧರೆಯ ಮೇಲಿನದನ್ನು ಮಾತ್ರ ಅಗೆಯಬೇಡಿ, ಮಣ್ಣು ಜರಿಯುತ್ತದೆ.

ದೊಡ್ಡ ಜಾಗವಿದ್ದರೆ ಅಂಗಳದ ಪಶ್ಚಿಮಕ್ಕೆ ಒಂದು ರೆಂಜೆ ಅಥವಾ ಕಕ್ಕೆ ಮರ ನೆಡಿ. ಮಧ್ಯಾಹ್ನದ ನೆರಳು ಬಿದ್ದರೆ ಅದರಡಿಯ ಗಿಡಗಳ ನೀರಿನ ಬೇಡಿಕೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಮಳೆಯಿಂದ ಕಾಪಾಡಬೇಕಾದವು

ಬೋಗನ್‌ವಿಲ್ಲಾ, ದೇವಕಣಗಿಲೆ, ಕಣಗಿಲೆ, ನಿತ್ಯಪುಷ್ಪ, ಅಡೇನಿಯಂ, ಲೋಳೆಸರ, ದೊಡ್ಡಪತ್ರೆ. ಬಿಸಿಲಿಗೆ ಇವು ಜಗ್ಗುವುದಿಲ್ಲ, ಸಮಸ್ಯೆಯೆಲ್ಲ ಬುಡದ ತೇವದ್ದು.

ಬೋಗನ್‌ವಿಲ್ಲಾ ಹೂ ಬಿಡುವುದು ಸ್ವಲ್ಪ ಬಾಯಾರಿದಾಗ. ಸೆಪ್ಟೆಂಬರ್ ಕೊನೆಗೆ ಉದ್ದ ಚಾಚಿದ ಕುಡಿಗಳನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ. ಹೊಸ ಚಿಗುರು ಬಂದ ಮೇಲೆ ಎಲೆ ತುಸು ಜೋಲುವವರೆಗೆ ನೀರು ಕೊಡಬೇಡಿ, ಜೋತ ಮೇಲೆ ಬುಡ ನೆನೆಯುವಷ್ಟು ಹಾಕಿ. ದಿನಾ ನೀರು, ಯೂರಿಯಾ ಕೊಟ್ಟ ಗಿಡದಲ್ಲಿ ಬರೀ ಎಲೆ, ಮುಳ್ಳು. ನೆಡುವಾಗ ಬೇರಿನ ಸುತ್ತಲಿನ ಮಣ್ಣು ಒಡೆಯದಂತೆ ನೋಡಿ, ಅದರ ಬೇರು ಬಲು ನಾಜೂಕು.

ದೇವಕಣಗಿಲೆಯ ಟೊಂಗೆಯನ್ನು ಫೆಬ್ರವರಿ-ಮಾರ್ಚ್‌ನಲ್ಲಿ ಕಡಿದು, ಹಾಲು ಸೋರಿ ಕಡಿದ ಬಾಯಿ ಒಣಗುವವರೆಗೆ ಹತ್ತು ದಿನ ನೆರಳಲ್ಲಿಟ್ಟು ಆಮೇಲೆ ನೆಡಬೇಕು. ಹಸಿ ಟೊಂಗೆ ಊರಿದರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಂಡರೆ ತುಕ್ಕು ರೋಗ. ಎಲೆ ಉದುರುತ್ತದೆ, ಮರಕ್ಕೆ ಅಪಾಯವಿಲ್ಲ. ಉದುರಿದ ಎಲೆ ಗುಡಿಸಿ ಸುಟ್ಟರೆ ಸಾಕು. ತುದಿ ಮೆತ್ತಗಾಗಿ ಕಪ್ಪಾದರೆ ಮಾತ್ರ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ತೆಗೆಯಿರಿ.

ಅಡೇನಿಯಂ ಕುಂಡದಲ್ಲೇ ಇರಲಿ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಸೂರಿನಡಿ ಸೇರಿಸಿ, ಸೆಪ್ಟೆಂಬರ್‌ವರೆಗೆ ನೀರು ಬಹುತೇಕ ನಿಲ್ಲಿಸಿ. ಜಗಲಿಯ ಕತ್ತಲ ಮೂಲೆ ಅಲ್ಲ, ಬೆಳಕು ಬೀಳುವ ಅಂಚು. ನಿತ್ಯಪುಷ್ಪ ಮಳೆಗೆ ಸತ್ತರೂ ಬೀಜ ಉದುರಿಸಿ ಹೋಗಿರುತ್ತದೆ, ಅಕ್ಟೋಬರಿನಲ್ಲಿ ತಾನೇ ಹುಟ್ಟುತ್ತದೆ. ಅದನ್ನು ಉಳಿಸಲು ಹೆಣಗುವುದು ವ್ಯರ್ಥ ಶ್ರಮ.

ಒಂದು ಎಚ್ಚರಿಕೆ: ಕಣಗಿಲೆಯ ಎಲೆ, ಕಾಂಡ, ಹೂ ಎಲ್ಲವೂ ವಿಷ. ದನ ಕಟ್ಟುವ ಮನೆಯಲ್ಲಿ ಕೊಟ್ಟಿಗೆಯ ದಾರಿಗೆ ನೆಡಬೇಡಿ, ಕತ್ತರಿಸಿದ ಸೊಪ್ಪನ್ನು ಹುಲ್ಲಿನ ಹೊರೆಯ ಹತ್ತಿರ ಹಾಕಬೇಡಿ. ಅಡೇನಿಯಂ ಹಾಲು ಕೂಡ ವಿಷವೇ.

ಬೇಸಿಗೆಯಲ್ಲಿ ಮಲಗುವವು

ನೀರು ಉಳಿಸುವ ಅತಿ ಜಾಣ ಉಪಾಯ ಬೇಸಿಗೆಯಲ್ಲಿ ನೆಲದ ಮೇಲೆ ಇಲ್ಲದೇ ಇರುವುದು. ಮಲೆನಾಡಿನ ಹೆಂಗಸರು ಇದನ್ನು ಡೇರೆ (ಡೇಲಿಯಾ) ಹೂವಿನ ಮೂಲಕ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಮೇ ಕೊನೆಗೆ ಗೆಡ್ಡೆ ಊರಿದರೆ ಮಳೆ ನೀರಲ್ಲೇ ಬೆಳೆದು, ಚೌತಿಯ ಸುಮಾರಿಗೆ ಅರಳಿ, ದೀಪಾವಳಿ ಹೊತ್ತಿಗೆ ಮುಗಿಯುತ್ತದೆ. ಕೊಡ ನೀರು ಹಿಡಿಯುವ ಪ್ರಸಂಗವೇ ಬರುವುದಿಲ್ಲ. ನೆಲದಲ್ಲಿ ನೆಟ್ಟರೆ 30 ಸೆಂ.ಮೀ. ಮಡಿ ಬೇಕು, ಮಳೆ ಹೆಚ್ಚಿರುವ ಕಡೆ ಚೀಲದಲ್ಲಿ ನೆಟ್ಟು ಜಗಲಿಯಂಚಿಗೆ ಇಡುವುದೇ ಸರಿ. ಗಿಡ ಒಣಗಿದ ಮೇಲೆ ಕಾಂಡ ನಾಲ್ಕು ಬೆರಳು ಉಳಿಸಿ ಕತ್ತರಿಸಿ, ಗೆಡ್ಡೆ ಕಿತ್ತು, ನೆರಳಲ್ಲಿ ಒಂದು ವಾರ ಆರಿಸಿ, ಒಣ ಮರಳಲ್ಲಿ ಮುಚ್ಚಿ ಅಟ್ಟದಲ್ಲಿಡಿ. ತಿಂಗಳಿಗೊಮ್ಮೆ ನೋಡಿ ಕೊಳೆತದ್ದನ್ನು ಎಸೆಯಿರಿ. ಗೆಡ್ಡೆ ಬಿಡಿಸುವಾಗ ಪ್ರತಿ ತುಂಡಿಗೂ ಕಾಂಡದ ಬುಡದ ಕಣ್ಣು ಸೇರಿರಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ನೆಂಟರು ಕೊಟ್ಟ ಗೆಡ್ಡೆ ಹುಟ್ಟಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಮಳೆ ಲಿಲಿ, ಅಗ್ನಿಶಿಖೆಗಳೂ ಇದೇ ಸ್ವಭಾವದವು. ಇವುಗಳ ಗೆಡ್ಡೆಯನ್ನು ನೆಲದಲ್ಲೇ ಬಿಡಬಹುದು, ಜಾಗಕ್ಕೆ ಒಂದು ಕಡ್ಡಿ ನೆಟ್ಟು ಗುರುತಿಡಿ. ಅಗ್ನಿಶಿಖೆಯ ಗೆಡ್ಡೆ ತೀವ್ರ ವಿಷ. ಅಡುಗೆ ಗೆಡ್ಡೆಗಳ ಜೊತೆ ಅಟ್ಟದಲ್ಲಿ ಇಡಲೇಬೇಡಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆ ಬೇಸಿಗೆಯ ಒಣ ಗಾಳಿಯನ್ನು ದಪ್ಪ ಬೇರು, ಎಲೆಗಳಲ್ಲೇ ತಡೆದುಕೊಂಡು ಮುಂಗಾರಿನ ಮೊದಲು ಹೂ ಬಿಡುತ್ತದೆ. ಕಾಡಿಂದ ಕಿತ್ತು ತರಬೇಡಿ, ಗಾಳಿಗೆ ನಿಮ್ಮದೇ ತೋಟದಲ್ಲಿ ಮುರಿದುಬಿದ್ದ ಕೊಂಬೆಯಲ್ಲಿದ್ದರೆ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ.

ತರಬಾರದವು

ಲಂಟಾನ ಬಣ್ಣಬಣ್ಣದ ಹೂ ಬಿಡುತ್ತದೆ, ನೀರೂ ಬೇಡ, ನಿಜ. ಆದರೆ ಹಕ್ಕಿಗಳು ಅದರ ಬೀಜವನ್ನು ಪಕ್ಕದ ಕಾಡಿಗೆ ಒಯ್ಯುತ್ತವೆ, ಮಲೆನಾಡಿನ ಕಾಡು ಅದರಿಂದ ಪಡುತ್ತಿರುವ ಪಾಡು ಸಾಕು. ನೆಲದ ಮೇಲೆ ಹಬ್ಬಿ ಹಳದಿ ಹೂ ಬಿಡುವ ವೆಡೇಲಿಯಾ ಕೂಡ ಅಷ್ಟೇ, ಒಂದು ತುಂಡು ಚರಂಡಿ ಸೇರಿದರೆ ಹಳ್ಳದುದ್ದಕ್ಕೂ ಹಬ್ಬುತ್ತದೆ. ಹುಲ್ಲುಹಾಸಿನ ಆಸೆಯವರು ಈ ಲೆಕ್ಕ ನೋಡಲಿ: ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಹಿಡಿದರೆ 100 ಚದರ ಮೀಟರ್ ಹುಲ್ಲಿಗೆ ದಿನಕ್ಕೆ 500 ಲೀಟರ್. ಕಾಲಿಡಲು ಹಸಿರು ಬೇಕೇ ಬೇಕೆಂದರೆ ಗರಿಕೆ ಹಬ್ಬಲು ಬಿಡಿ. ಮಾರ್ಚ್‌ನಲ್ಲಿ ಕಂದಾಗುತ್ತದೆ, ಮೊದಲ ಮಳೆಗೆ ತಿರುಗಿ ಬರುತ್ತದೆ.

ನರ್ಸರಿಯಲ್ಲಿ

ಹೂವಿದ್ದ ದೊಡ್ಡ ಗಿಡಕ್ಕೆ ಕೈ ಹಾಕಬೇಡಿ. ಒಂದು-ಒಂದೂವರೆ ಅಡಿಯ ಗಿಡ ನೆಲಕ್ಕೆ ಬೇಗ ಹೊಂದುತ್ತದೆ, ಎರಡನೇ ವರ್ಷಕ್ಕೆ ದೊಡ್ಡದನ್ನು ಹಿಂದೆ ಹಾಕುತ್ತದೆ. ಚೀಲದ ತಳ ನೋಡಿ. ದಪ್ಪ ಬೇರು ಹೊರಬಂದಿದ್ದರೆ ಒಳಗೆ ಸುರುಳಿ ಸುತ್ತಿದೆ. ಅಂಥ ಗಿಡದ ಬೇರು ನೆಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಆಳಕ್ಕಿಳಿಯದ ಬೇರು ಬರ ತಡೆಯುವುದು ಹೇಗೆ? ಬಯಲುಸೀಮೆಯ ನರ್ಸರಿಗಳಿಂದ ಬರುವ ಗಿಡಗಳು ನೆರಳುಪರದೆಯಡಿ ದಿನಾ ನೀರು ಕುಡಿದು ಬೆಳೆದವು. ತಂದ ಕೂಡಲೇ ನೆಡದೆ, ಮೊದಲ ವಾರ ನೆರಳಲ್ಲಿ, ಎರಡನೇ ವಾರ ಬೆಳಗಿನ ಬಿಸಿಲಲ್ಲಿ ಇಟ್ಟು, ನೀರನ್ನು ದಿನ ಬಿಟ್ಟು ದಿನಕ್ಕೆ ತನ್ನಿ.

ನೆಡುವ ಹೊತ್ತು, ನೆಡುವ ಕ್ರಮ

ವನಮಹೋತ್ಸವದ ಗುಂಗಿನಲ್ಲಿ ಜುಲೈಯಲ್ಲಿ ನೆಡುವುದು ಶಿವಮೊಗ್ಗ ನಗರಕ್ಕೆ ಸರಿ, ಘಟ್ಟದಂಚಿಗೆ ಸರಿಯಲ್ಲ. ಅಲ್ಲಿ ಪುಷ್ಯ, ಆಶ್ಲೇಷ ನಕ್ಷತ್ರಗಳ ಮಳೆಗೆ ಸಣ್ಣ ಗಿಡದ ಬೇರು ಕೊಳೆಯುತ್ತದೆ. ಮಘೆ ಮಳೆ ತಗ್ಗುವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಒಳ್ಳೆಯ ಕಾಲ: ನೆಲ ತೊಯ್ದಿರುತ್ತದೆ, ಬಿಸಿಲು ಇಣುಕುತ್ತದೆ, ಬೇರಿಗೆ ಚಳಿಗಾಲದ ಮುಂಚೆ ಎರಡು-ಮೂರು ತಿಂಗಳು ಸಿಗುತ್ತದೆ. ಲಾವಂಚ, ಗೊರಟೆ, ಕೇಪಳಕ್ಕೆ ಜೂನ್ ಮೊದಲ ವಾರವೂ ಆಗುತ್ತದೆ.

1. ಪೊದೆಗಿಡಕ್ಕೆ 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ. ಗುಂಡಿಯ ಗೋಡೆಗಳನ್ನು ಹಾರೆಯಿಂದ ಅಲ್ಲಲ್ಲಿ ಕೆತ್ತಿ ಒರಟು ಮಾಡಿ. ನುಣುಪು ಗೋಡೆಯಾದರೆ ಬೇರು ಒಳಗೇ ಸುತ್ತುತ್ತದೆ.
2. ತೆಗೆದ ಮಣ್ಣಿಗೆ ಒಂದು ಬುಟ್ಟಿ ಕಳಿತ ಗೊಬ್ಬರ ಮಾತ್ರ ಕಲಸಿ. ರಸಗೊಬ್ಬರ ಬೇಡ.
3. ಚೀಲವನ್ನು ಹರಿದು ಪೂರ್ತಿ ತೆಗೆಯಿರಿ. ಸುರುಳಿ ಬೇರಿದ್ದರೆ ಬದಿಯಲ್ಲಿ ಮೂರು ಕಡೆ ಚಾಕುವಿನಿಂದ ಉದ್ದಕ್ಕೆ ಗೀರಿ (ಬೋಗನ್‌ವಿಲ್ಲಾಗೆ ಇದು ಬೇಡ).
4. ಗಿಡದ ಕೊರಳು (ಬೇರು, ಕಾಂಡ ಸೇರುವ ಜಾಗ) ಸುತ್ತಲಿನ ನೆಲಕ್ಕಿಂತ 5 ಸೆಂ.ಮೀ. ಮೇಲಿರಲಿ. ಮಣ್ಣು ಕುಸಿದು ಆಮೇಲೆ ಸಮಕ್ಕೆ ಬರುತ್ತದೆ.
5. ಕಾಲಿನಿಂದ ತುಳಿಯದೆ ಕೈಯಿಂದ ಅದುಮಿ, 10 ಲೀಟರ್ ನೀರು ನಿಧಾನವಾಗಿ ಹಾಕಿ. ಮಳೆ ಬರುತ್ತಿದ್ದರೂ ಈ ನೀರು ಬೇಕು, ಬೇರಿನ ಸುತ್ತಲಿನ ಪೊಳ್ಳು ಮುಚ್ಚುವುದು ಇದರಿಂದಲೇ.
6. ನೀರಿನ ಪಾತಿಯನ್ನು ಈಗ ಮಾಡಬೇಡಿ. ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರಿನಲ್ಲಿ, ಬುಡದಿಂದ ಒಂದು ಅಡಿ ದೂರಕ್ಕೆ ಕಟ್ಟಿ. ಮೇ ಕೊನೆಗೆ ಒಡೆದುಹಾಕಿ.

ನೀರಿನ ಲೆಕ್ಕ

ಬರ ತಡೆಯುವ ಗಿಡಕ್ಕೂ ಮೊದಲ ಬೇಸಿಗೆ ನೀರು ಬೇಕೇ ಬೇಕು. ಬೇರು ಇಳಿಯುವ ಮುಂಚೆ ಅದೂ ಎಲ್ಲ ಗಿಡದಂತೆಯೇ. ದಿನಾ ಒಂದು ಚೊಂಬು ಹಾಕುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ: ಮೇಲಿನ ಎರಡು ಅಂಗುಲ ಮಾತ್ರ ನೆನೆದು, ಬೇರು ಅಲ್ಲೇ ಹರಡಿ, ಒಂದು ದಿನ ತಪ್ಪಿದರೂ ಗಿಡ ಒಣಗುತ್ತದೆ.

ಮೊದಲ ವರ್ಷ, ನವೆಂಬರ್‌ನಿಂದ ಜನವರಿವರೆಗೆ ಪೊದೆಗಿಡಕ್ಕೆ ವಾರಕ್ಕೊಮ್ಮೆ 8 ಲೀಟರ್. ಫೆಬ್ರವರಿಯಿಂದ ಮೇವರೆಗೆ 5 ದಿನಕ್ಕೊಮ್ಮೆ 10 ಲೀಟರ್. ಎರಡನೇ ವರ್ಷ 15 ದಿನಕ್ಕೊಮ್ಮೆ 15 ಲೀಟರ್. ಮೂರನೇ ವರ್ಷದಿಂದ ಮಾರ್ಚ್-ಮೇ ನಡುವೆ ತಿಂಗಳಿಗೆ ಒಂದೆರಡು ಸಲ. ಶಿವಮೊಗ್ಗದಲ್ಲಿ ಏಪ್ರಿಲ್ ಬಿಸಿಲು 36 ಡಿಗ್ರಿ ದಾಟುವುದು ಸಾಮಾನ್ಯ. ಮಧ್ಯಾಹ್ನ ಎಲೆ ಜೋತರೆ ಹೆದರಬೇಡಿ, ಮರುದಿನ ಬೆಳಗ್ಗೆಯೂ ಜೋತಿದ್ದರೆ ಮಾತ್ರ ನೀರು.

ಇಪ್ಪತ್ತು ಪೊದೆಗಿಡ ಇದ್ದ ಮನೆಗೆ ಮೊದಲ ವರ್ಷದ ಕಡುಬೇಸಿಗೆಯಲ್ಲಿ 5 ದಿನಕ್ಕೆ 200 ಲೀಟರ್, ಅಂದರೆ ದಿನಕ್ಕೆ 40. ನಾಲ್ಕು ಜನರ ಮನೆಯಲ್ಲಿ ತಲೆಗೆ ಎರಡು ಬಕೆಟ್ ಹಿಡಿದರೂ ಬಚ್ಚಲ ನೀರು ದಿನಕ್ಕೆ 120 ಲೀಟರ್ ಮೀರುತ್ತದೆ. ಬಾವಿ ನೀರು ಮುಟ್ಟದೆ ತೋಟ ಉಳಿಸಬಹುದು ಎನ್ನುವುದು ಬಾಯಿಮಾತಲ್ಲ. ಆದರೆ ಸ್ನಾನದ ನೀರು ಬೇರೆ, ಬಟ್ಟೆ ಒಗೆದ ನೀರು ಬೇರೆ. ವಾಷಿಂಗ್ ಪೌಡರ್, ಬ್ಲೀಚಿಂಗ್ ಬೆರೆತದ್ದನ್ನು ಹಾಕಬೇಡಿ. ಸ್ನಾನದ ನೀರನ್ನೂ ಒಂದು ದಿನಕ್ಕಿಂತ ಹೆಚ್ಚು ಹಿಡಿದಿಟ್ಟರೆ ನಾರುತ್ತದೆ. ಕೇಪಳಕ್ಕೆ ಇದು ಬೇಡ, ಉಳಿದವಕ್ಕೂ ಮೂರು ಸಲಕ್ಕೊಮ್ಮೆ ಶುದ್ಧ ನೀರು ಕೊಡಿ.

ಅಬ್ಬಲಿಗೆ ಮಡಿಗೆ ಮಡಕೆ ನೀರಾವರಿ ಹೇಳಿ ಮಾಡಿಸಿದ್ದು. 4-5 ಲೀಟರಿನ, ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕೊರಳಿನವರೆಗೆ ಹೂತು ನೀರು ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ. ತೆರೆದಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಗಿಡಗಳು ಮಡಕೆಯಿಂದ ಒಂದು ಅಡಿಯೊಳಗಿರಲಿ. ನಾಲ್ಕೈದು ದಿನಕ್ಕೊಮ್ಮೆ ತುಂಬಿಸಿ, ಮಳೆಗಾಲಕ್ಕೆ ಕಿತ್ತು ಉಜ್ಜಿ ಒಳಗಿಡಿ.

ಏಪ್ರಿಲ್-ಮೇ ಗುಡುಗು ಮಳೆಯನ್ನು ಹಿಡಿಯುವುದು ಜುಲೈ ಮಳೆ ಹಿಡಿಯುವುದಕ್ಕಿಂತ ಲಾಭ. 1000 ಚದರಡಿ ಮಾಡಿನ ಮೇಲೆ 20 ಮಿ.ಮೀ. ಬಿದ್ದರೆ ಸುಮಾರು 1800 ಲೀಟರ್. ಪೋಲಾದದ್ದು ಕಳೆದರೂ 1500 ಲೀಟರ್ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಒಂದು ತಿಂಗಳ ನೀರು.

ಹೊದಿಕೆ: ದೀಪಾವಳಿಗೆ ಹಾಕು, ಮೃಗಶಿರಾಕ್ಕೆ ತೆಗೆ

ವರ್ಷವಿಡೀ ಹೊದಿಕೆ ಇರಲಿ ಎಂಬ ಬಯಲುಸೀಮೆಯ ಬುದ್ಧಿವಾದ ಇಲ್ಲಿ ಅರ್ಧ ಮಾತ್ರ ಸರಿ. ಮಳೆ ಬಿಟ್ಟ ಮೇಲೆ ನೆಲದಲ್ಲಿ ತೇವ ಇರುವಾಗಲೇ, ದೀಪಾವಳಿ ಸುಮಾರಿಗೆ, 5-7 ಸೆಂ.ಮೀ. ದಪ್ಪಕ್ಕೆ ದರಗು (ಒಣಗಿ ಉದುರಿದ ಎಲೆ), ಒಣಗಿದ ಅಡಿಕೆ ಸಿಪ್ಪೆ ಅಥವಾ ಸೋಗೆ ಹರಡಿ. ಬುಡದಿಂದ 10 ಸೆಂ.ಮೀ. ಬಿಟ್ಟಿರಲಿ. ಆಗ ತಾನೇ ಸುಲಿದ ಹಸಿ ಸಿಪ್ಪೆ ರಾಶಿಯಲ್ಲಿ ಬಿಸಿಯೇಳುತ್ತದೆ, ಒಂದೆರಡು ತಿಂಗಳು ಒಣಗಿಸಿದ ಮೇಲೆ ಬಳಸಿ. ಒರಲೆ ಹತ್ತಿದರೆ ಆ ಭಾಗದ ಹೊದಿಕೆ ಕೆದಕಿ ಎರಡು ದಿನ ಬಿಸಿಲಿಗೆ ಬಿಡಿ. ಹೆಚ್ಚಿನ ಮಟ್ಟಿಗೆ ಅವು ಒಣ ಸಿಪ್ಪೆ ತಿನ್ನಲು ಬಂದವೇ ಹೊರತು ಹಸಿ ಗಿಡಕ್ಕಲ್ಲ.

ಮೇ ಕೊನೆಗೆ ಉಳಿದ ಹೊದಿಕೆಯನ್ನು ಗುಡಿಸಿ ಗೊಬ್ಬರ ಗುಂಡಿಗೆ ಹಾಕಿ. ಬಿಟ್ಟರೆ ಬುಡದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಬಸವನಹುಳುಗಳು ಹಗಲಿಡೀ ಅಡಗಿ ರಾತ್ರಿ ಚಿಗುರು ಮುಗಿಸುತ್ತವೆ. ಇಳಿಜಾರಿನಲ್ಲಿ ಮಾತ್ರ ಪೂರ್ತಿ ತೆಗೆಯಬೇಡಿ, ಬುಡದಿಂದ ಒಂದು ಅಡಿ ಸರಿಸಿ, ಇಲ್ಲದಿದ್ದರೆ ಮಣ್ಣೇ ಹೋಗುತ್ತದೆ.

ಮಳೆಗಾಲದ ಆರೈಕೆ

ಜೂನ್‌ನಿಂದ ಆಗಸ್ಟ್‌ವರೆಗೆ ಗೊಬ್ಬರ ಹಾಕಬೇಡಿ, ತೊಳೆದು ಹೋಗುತ್ತದೆ. ಉಳಿದ ಕೆಲಸ ಬಸಿಗಾಲುವೆಯ ಕಸ ತೆಗೆಯುವುದು, ಕೊಚ್ಚಿದ ದಿಬ್ಬಕ್ಕೆ ಮಣ್ಣು ಕೊಡುವುದು.

ಬುಡ ಕೊಳೆಯುವ ದೇವಕಣಗಿಲೆಯಂಥ ಗಿಡಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣವನ್ನು ಮುಂಗಾರಿನ ಮುಂಚೆ ಒಮ್ಮೆ, ಹೊಳವು ಸಿಕ್ಕಾಗ ಇನ್ನೊಮ್ಮೆ ಕಾಂಡಕ್ಕೂ ಬುಡಕ್ಕೂ ತಾಗುವಂತೆ ಸಿಂಪಡಿಸಿ. ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಮನೆ ಅಳತೆಗೆ 100 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲೇ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿ. ಕತ್ತಿ ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಬಳಸಿ ಮುಗಿಸಿ.

ಬಾಡಿದ ಗಿಡದ ಕಾರಣ ಹುಡುಕುವುದು

ಬಾಡಿದ ಗಿಡಕ್ಕೆ ನೀರು ಹಾಕುವ ಮುಂಚೆ ಬುಡದ ಪಕ್ಕ ಒಂದು ಗೇಣು ಆಳಕ್ಕೆ ಕಡ್ಡಿ ಚುಚ್ಚಿ. ಒಣಗಿ ಬಂದರೆ ನೀರಿನ ಕೊರತೆ. ಕೆಸರು ಹತ್ತಿ, ಹುಳಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಆಗ ನೀರು ಹಾಕುವುದೆಂದರೆ ಕೊಲ್ಲುವುದು. ಗಿಡವನ್ನು ಮಣ್ಣುಸಹಿತ ಎತ್ತಿ, ಕಪ್ಪು ಬೇರು ಕತ್ತರಿಸಿ, ಮೇಲಿನ ಟೊಂಗೆಗಳನ್ನೂ ಅರ್ಧಕ್ಕೆ ಇಳಿಸಿ, ಎತ್ತರದ ದಿಬ್ಬದಲ್ಲಿ ಮತ್ತೆ ನೆಡಿ. ಲೋಳೆಸರವಾದರೆ ಬೇರು ಕತ್ತರಿಸಿ ಮೂರು-ನಾಲ್ಕು ದಿನ ನೆರಳಲ್ಲಿ ಆರಿಸಿ ನೆಡಿ.

ಏಪ್ರಿಲ್‌ನಲ್ಲಿ ಬೋಳಾಗಿ ಸತ್ತಂತೆ ಕಾಣುವ ಗಿಡವನ್ನು ಕೂಡಲೇ ಕೀಳಬೇಡಿ. ಉಗುರಿನಿಂದ ತೊಗಟೆ ಗೀರಿ; ಒಳಗೆ ಹಸಿರಿದ್ದರೆ 10 ಲೀಟರ್ ನೀರು ಒಮ್ಮೆ ಹಾಕಿ ಸುಮ್ಮನಿರಿ. ಮೇಲೆ ಕಂದಾಗಿದ್ದರೆ ಕೆಳಕೆಳಗೆ ಗೀರುತ್ತ ಬಂದು, ಹಸಿರು ಸಿಕ್ಕ ಜಾಗದ ಮೇಲಕ್ಕೆ ಕತ್ತರಿಸಿ. ಬುಡದವರೆಗೂ ಹಸಿರು ಸಿಗದಿದ್ದರೂ ನಂದಿಬಟ್ಟಲು, ಗೊರಟೆ, ರತ್ನಗಂಧಿಗಳನ್ನು ಜುಲೈವರೆಗೆ ಬಿಡಿ, ಬೇರಿನಿಂದ ಚಿಗುರುವ ಸಾಧ್ಯತೆ ಉಂಟು. ಅಷ್ಟರಲ್ಲೂ ಬಾರದಿದ್ದರೆ ಕಿತ್ತು, ಸೆಪ್ಟೆಂಬರಿಗೆ ಆ ಜಾಗದಲ್ಲಿ ಬೇರೆ ಜಾತಿಯ ಗಿಡ ನೆಡಿ.